ಚೀನಾ ಪಿಚ್ಚರ್ ಮಾಲಿಂಗ

ಮಹಾಲಿಂಗ ಅನ್ನುವುದು ಸಂಬಳದ ಪಟ್ಟಿಯಲ್ಲಿದ್ದ ಹೆಸರು. ಗುಂಡ್ಲುಪೇಟೆಯಿಂದ ಚಾಮರಾಜನಗರದವರೆಗೆ ಹೈಸ್ಕೂಲು ಇರುವ ಯಾವ ಊರಿಗೆ ಹೋದರೂ ಅವನು ‘ಚೀನಾ ಪಿಚ್ಚರ್ ಮಾಲಿಂಗ’. ಚೀನಾ ಹಾಗಿರಲಿ, ಆ ಮನುಷ್ಯ ಬೆಂಗಳೂರನ್ನೂ ಸರಿಯಾಗಿ ನೋಡಿದವನಲ್ಲ. ಉಡಿಗಾಲದಲ್ಲಿ ಹುಟ್ಟಿ, ಏಳನೇ ಕ್ಲಾಸಿಗೆ ಓದು ಬಿಟ್ಟು, ಗುಂಡ್ಲುಪೇಟೆಯ ಒಂದು ಹೈಸ್ಕೂಲಿನಲ್ಲಿ ಜವಾನನಾಗಿ ಸೇರಿಕೊಂಡವನು. ಬೆಳಿಗ್ಗೆ ಗೇಟು ತೆಗೆಯುವುದು, ಗಂಟೆ ಹೊಡೆಯುವುದು, ಹೆಡ್ಮಾಸ್ಟರಿಗೆ ಟೀ ತರುವುದು, ಸಾಯಂಕಾಲ ಗೇಟು ಹಾಕುವುದು. ಇಪ್ಪತ್ತು ವರ್ಷ ಇದನ್ನೇ ಮಾಡಿದ. ಗೇಟು ತೆಗೆದದ್ದಕ್ಕೆ, ಹಾಕಿದ್ದಕ್ಕೆ ಯಾರೂ ಯಾರಿಗೂ ಹೆಸರಿಡುವುದಿಲ್ಲ. ಅವನಿಗೆ ಹೆಸರು ಬಂದದ್ದು ಒಂದು ಕ್ಯಾಸೆಟ್ಟಿನಿಂದ. ಅವನಿಗೆ ಹೆಸರು ಬಂತು, ಅವನ ತಂಗಿಯ ಮಗಳಿಗೆ ಏನು ಬಂತು ಅನ್ನುವುದನ್ನು ಹೇಳಬೇಕು.

ಕ್ಯಾಸೆಟ್ಟು ತಂದವರು ಸಮಾಜ ಪಾಠದ ಗುರುಪಾದಸ್ವಾಮಿ ಮೇಷ್ಟ್ರು. ೧೯೯೬ರಲ್ಲಿ ಮೈಸೂರಿನಲ್ಲಿ ಹತ್ತು ದಿನದ ತರಬೇತಿಗೆ ಹೋದವರು ಬರುವಾಗ ಅದನ್ನು ಬಗಲಲ್ಲಿಟ್ಟುಕೊಂಡು ಬಂದರು. ಚೀನಾದ ಹಳ್ಳಿಯ ಜನ ಕೂಲಿ ಹುಡುಕಿಕೊಂಡು ಪಟ್ಟಣಕ್ಕೆ ಹೋಗುವಾಗ ಯಾರೋ ಅವರ ಬೆನ್ನ ಹಿಂದೆಯೇ ಕ್ಯಾಮರಾ ಹೊತ್ತು ತಿರುಗಿ ತೆಗೆದ ಸಾಕ್ಷ್ಯಚಿತ್ರ ಅದು. ನಟರಿಲ್ಲ, ಹಾಡಿಲ್ಲ, ಹೊಡೆದಾಟವಿಲ್ಲ. ಮಾತೆಲ್ಲ ಚೀನೀ ಭಾಷೆ, ಕೆಳಗೆ ಇಂಗ್ಲಿಷ್ ಅಕ್ಷರ. ಹತ್ತನೇ ಕ್ಲಾಸಿನ ಮಕ್ಕಳಿಗೆ ವಲಸೆಯ ಪಾಠವನ್ನು ಇನ್ನು ಮುಂದೆ ಬಾಯಲ್ಲಿ ಹೇಳುವುದಿಲ್ಲ, ಕಣ್ಣಿಗೇ ತೋರಿಸಿಬಿಡುತ್ತೇನೆ ಎಂದು ಮೇಷ್ಟ್ರು ಹಟ ಹಿಡಿದರು. ಹಳೆಯ ವಿದ್ಯಾರ್ಥಿಗಳನ್ನು ಕಾಡಿ ಬೇಡಿ ಒಂದು ಕಲರ್ ಟಿವಿ, ಕ್ಯಾಸೆಟ್ಟು ಹಾಕುವ ಒಂದು ಡೆಕ್ಕು ತರಿಸಿದರು. ಅದನ್ನು ಹೊರುವ ಕೆಲಸ ಯಾರದ್ದು? ಮಹಾಲಿಂಗನದು.

ಮೊದಲ ಪ್ರದರ್ಶನ ಮಣ್ಣುಪಾಲಾಯಿತು. ಮೇಷ್ಟ್ರು ಟಿವಿಯ ಪಕ್ಕ ನಿಂತು ‘ಗ್ರಾಮೀಣ ಪ್ರದೇಶದಿಂದ ನಗರ ಪ್ರದೇಶದೆಡೆಗೆ ಶ್ರಮಿಕ ವರ್ಗದ ಸ್ಥಾನಾಂತರ’ ಎಂದು ಶುರುಮಾಡಿದರೆ ಮಕ್ಕಳು ಚೀನಾದವರು ಕಡ್ಡಿಯಲ್ಲಿ ಉಣ್ಣುವುದನ್ನು ನೋಡಿ ಕಿಸಿಕಿಸಿ ನಕ್ಕರು. ಹಿಂದಿನ ಬೆಂಚಿನವರು ನಿದ್ದೆ ಹೊಡೆದರು. ಮೇಷ್ಟ್ರು ಬಿಡುವ ಆಸಾಮಿಯಲ್ಲ. ಇಂಗ್ಲಿಷ್ ಅಕ್ಷರಗಳನ್ನೆಲ್ಲ ಕನ್ನಡಕ್ಕೆ ಇಳಿಸಿ, ಒಂದು ನೋಟ್ ಬುಕ್ಕಿನ ತುಂಬ ಬರೆಸಿದರು. ಬರೆದವಳು ಒಂಬತ್ತನೇ ಕ್ಲಾಸಿನ ಶಾಂತಿ, ಮಹಾಲಿಂಗನ ತಂಗಿ ಸುಂದ್ರಮ್ಮನ ಮಗಳು. ಗೋಪಾಲಸ್ವಾಮಿ ಬೆಟ್ಟದ ಬುಡದ ಊರಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ಶಾಲೆಯಲ್ಲಿ ಅವಳಷ್ಟು ಅಂದವಾಗಿ ಅಕ್ಷರ ಬರೆಯುವವರು ಮೇಷ್ಟ್ರುಗಳಲ್ಲೂ ಇರಲಿಲ್ಲ.

ಟಿವಿ ಹೊತ್ತು, ಡೆಕ್ಕಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಮೂಲೆಯಲ್ಲಿ ನಿಂತು ಹತ್ತು ಹನ್ನೆರಡು ಸಲ ಆ ಪಿಚ್ಚರನ್ನು ನೋಡಿದ ಮಹಾಲಿಂಗನಿಗೆ ಅದು ಬಾಯಿಪಾಠವಾಗಿ ಹೋಯಿತು. ಒಂದು ದಿನ ಮೇಷ್ಟ್ರ ಗಂಟಲು ಕಟ್ಟಿತು. ಅರವತ್ತು ಮಕ್ಕಳು ಕೂತಿದ್ದಾರೆ, ಕರೆಂಟು ಇದೆ, ಗಂಟಲಿಲ್ಲ. ಮೇಷ್ಟ್ರು ನೋಟ್ ಬುಕ್ಕನ್ನು ಮಹಾಲಿಂಗನ ಕೈಗಿಟ್ಟು ಓದು ಎಂದು ಸನ್ನೆ ಮಾಡಿದರು. ಅವನು ನಾಲ್ಕು ಸಾಲು ಓದಿದ, ತಡವರಿಸಿದ, ಬುಕ್ಕು ಮಡಿಚಿ ಪಕ್ಕಕ್ಕಿಟ್ಟ. ಆಮೇಲೆ ಟಿವಿಯ ಸದ್ದು ಪೂರ್ತಿ ತಗ್ಗಿಸಿ ತನ್ನ ಮಾತಿನಲ್ಲೇ ಹೇಳತೊಡಗಿದ.

“ಈ ಮಗೀನ ಎಸ್ರು ನನ್ ನಾಲ್ಗೇಲಿ ಒರಳಾಕಿಲ್ಲ ಕಣ್ರಪ್ಪ. ಚಾಮುಂಡಿ ಅಂತಲೇ ಇಟ್ಕಳಿ. ಚಾಮುಂಡಿ ಅಪ್ಪ ಅಲ್ಲಿ ಆಸ್ಗೆ ಸುತ್ತಾವ್ನೆ ನೋಡಿ. ಆಸ್ಗೆ ಸುತ್ತುದ ಅಂದ್ರೆ ಊರು ಮುಗೀತು ಅಂತ. ಅವರಜ್ಜಿ ಬಾಗ್ಲಿಗೆ ಬಂದ್ಳು, ಮಾತಾಡ್ನಿಲ್ಲ. ಯಾಕ್ ಮಾತಾಡ್ನಿಲ್ಲ? ಮಾತಾಡುದ್ರೆ ಅಳು ಬತ್ತದೆ.”

ನಗುತ್ತಿದ್ದ ಮಕ್ಕಳ ಬಾಯಿ ಮುಚ್ಚಿತು. ಕೂತವರಲ್ಲಿ ಅರ್ಧ ಜನರ ಮನೆಯಲ್ಲಿ ಯಾರಾದರೊಬ್ಬರು ಹಾಸಿಗೆ ಸುತ್ತಿದವರೇ. ಕೊಡಗಿನ ತೋಟಕ್ಕೆ, ಊಟಿಯ ಕಡೆಗೆ, ತಿರುಪ್ಪೂರಿಗೆ, ಗಡಿ ದಾಟಿ ಕೇರಳದ ಬತ್ತೇರಿಯ ಶುಂಠಿ ಹೊಲಕ್ಕೆ. ತಮ್ಮ ಮನೆಯ ಸಂಕಟ ಪಾಠ ಆಗಬಹುದು ಅನ್ನುವುದು ಅವರಿಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ಪಿಚ್ಚರಿನ ಕೊನೆಗೆ ಒಂದು ಗೇಟು ಬರುತ್ತಿತ್ತು. ಪಟ್ಟಣದಲ್ಲಿ ಗಾರೆ ಕೆಲಸ ಮಾಡುವ ಅಪ್ಪ ಮಗಳನ್ನು ಅಲ್ಲಿನ ಶಾಲೆಗೆ ಸೇರಿಸಲು ಕರೆತರುತ್ತಾನೆ. ಹುಡುಗಿಯ ಕಾಗದಪತ್ರದಲ್ಲಿರುವುದು ಹುಟ್ಟಿದ ಹಳ್ಳಿಯ ಹೆಸರು. ಇಲ್ಲಿನ ಶಾಲೆ ಇಲ್ಲಿನವರಿಗೆ ಮಾತ್ರ. ಟೋಪಿ ಹಾಕಿದ ಕಾವಲುಗಾರ ಒಂದು ಮಾತೂ ಆಡದೆ ಕಬ್ಬಿಣದ ಗೇಟನ್ನು ಎಳೆದುಬಿಡುತ್ತಾನೆ. ಹುಡುಗಿ ಸರಳು ಹಿಡಿದು ನಿಂತಲ್ಲಿಗೆ ಪಿಚ್ಚರು ಮುಗಿಯುತ್ತದೆ.

“ನಮ್ಮೂರಲ್ಲಿ ಪಡಿತರ ಚೀಟಿ ಬ್ಯಾರೆ ಊರಿಗೆ ನಡೀತದಾ? ಅಂಗೇ ಇದೂವೆ,” ಎಂದು ಮಹಾಲಿಂಗ ಒಂದೇ ಮಾತಿನಲ್ಲಿ ಮೇಷ್ಟ್ರ ಮೂರು ಪುಟ ಮುಗಿಸಿದ. “ಈ ಟೋಪಿಯವುನ್ನ ನೋಡ್ರಪ್ಪ. ಇವುನ್ ಮನೇಲೂ ಮಕ್ಳವೆ. ಆದ್ರೂ ಗೇಟ್ ಆಕ್ಬುಟ್ಟ. ಥೂ ಅನ್ರಪ್ಪ ಇವುನ್ ಮುಕಕ್ಕೆ!”

ಅರವತ್ತು ಮಕ್ಕಳು ಒಟ್ಟಿಗೆ ಥೂ ಎಂದರು. ಕೊಠಡಿಯ ಹೆಂಚು ಹಾರಿಹೋಗುವ ಹಾಗೆ ಎಂದರು. ಅವತ್ತಿನಿಂದ ಆ ಥೂ ಪಿಚ್ಚರಿನ ಒಂದು ಭಾಗವೇ ಆಯಿತು.

ಗುರುಪಾದಸ್ವಾಮಿ ಮೇಷ್ಟ್ರು ಬುದ್ಧಿವಂತರು. ಮಹಾಲಿಂಗನ ಬಾಯಿ ತಮ್ಮ ಬಾಯಿಗಿಂತ ಚೆನ್ನಾಗಿದೆ ಎಂದು ಅವತ್ತೇ ತಿಳಿದುಕೊಂಡರು. ಆಮೇಲೆ ತಾವು ಮೊದಲು ಐದು ನಿಮಿಷ ಪ್ರಸ್ತಾವನೆ, ಕೊನೆಗೆ ಐದು ನಿಮಿಷ ನೀತಿ. ನಡುವಿನದೆಲ್ಲ ಮಹಾಲಿಂಗನದು. ನೀತಿ ಯಾವತ್ತೂ ಒಂದೇ: “ಹೊಟ್ಟೆಪಾಡಿಗೆ ಊರು ಬಿಡೋದು ನಾಚಿಕೆಯ ವಿಷಯ ಅಲ್ಲ ಮಕ್ಕಳೇ. ಅದನ್ನ ತಲೆ ಎತ್ತಿ ಹೇಳಿಕೊಳ್ಳಿ. ಬಾಗಿಲು ಹಾಕ್ತಾರಲ್ಲ, ನಾಚಿಕೆ ಅವರಿಗಿರಬೇಕು.” ಸುತ್ತಲ ಶಾಲೆಗಳಿಂದ ಕರೆ ಬಂತು. ಟಿವಿಯನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನ ಡ್ರೈವರ್ ಪಕ್ಕ ಇಟ್ಟುಕೊಂಡು ಇಬ್ಬರೂ ಊರೂರು ತಿರುಗಿದರು. ಮೇಷ್ಟ್ರ ಆ ಕೊನೆಯ ಮಾತನ್ನು ಮಕ್ಕಳು ಎಷ್ಟು ನಂಬಿದರೋ ತಿಳಿಯದು. ಪೂರ್ತಿ ನಂಬಿದವನು ಮಹಾಲಿಂಗ ಒಬ್ಬನೇ, ಪಾಪದವನು.

ಇನ್ನು ಸುಂದ್ರಮ್ಮನ ವಿಷಯ. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಪ್ರತಿ ವರ್ಷ ಶುಂಠಿ ಕೀಳುವ ಕಾಲಕ್ಕೆ ಊರಿನ ನಾಲ್ಕಾರು ಹೆಂಗಸರ ಜೊತೆ ಕೂಲಿಯಾಳು ಕರೆದೊಯ್ಯುವ ಮೇಸ್ತ್ರಿಯ ಜೀಪು ಹತ್ತಿ ಬತ್ತೇರಿ ಕಡೆಗೆ ಹೋಗುತ್ತಿದ್ದಳು. ಆಗೆಲ್ಲ ಶಾಂತಿಯ ಜೊತೆಗೆ ಅಪ್ಪನ ಕಡೆಯ ಅಜ್ಜಿ ಮಲ್ಲಮ್ಮ ಇರುತ್ತಿದ್ದಳು. ೧೯೯೭ರ ದಸರೆಯ ಹೊತ್ತಿಗೆ ಮಲ್ಲಮ್ಮ ಕಣ್ಣು ಮುಚ್ಚಿದಳು. ಶಾಂತಿ ಆಗ ಹತ್ತನೇ ಕ್ಲಾಸು. ಅವರ ಮನೆತನದಲ್ಲಿ ಆ ಪರೀಕ್ಷೆಗೆ ಕೂರುವ ಮೊದಲ ಜೀವ ಅವಳು. ಪಾಸಾದರೆ ನರ್ಸ್ ಟ್ರೈನಿಂಗಿಗೆ ಅರ್ಜಿ ಹಾಕಬೇಕು ಎಂದು ಎಂಟನೇ ಕ್ಲಾಸಿನಿಂದಲೂ ಜಪ ಮಾಡುತ್ತಿದ್ದಳು.

ಸುಂದ್ರಮ್ಮ ಅಣ್ಣನ ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ಕೂತಳು.

“ಅಣ್ಣಯ್ಯ, ಜೀಪು ಬತ್ತದೆ ಸ್ವಾಮ್ವಾರ. ಈ ಎಣ್ಣ ಏನ್ಮಾಡ್ಲಿ? ಒಬ್ಳೇ ಬುಟ್ಬುಟ್ಟು ಓಗಕ್ಕಾಯ್ತದಾ?”

ಇಲ್ಲಿ ಒಂದು ಮಾತು ಬೇಕಿತ್ತು. ನಮ್ಮನೇಲಿರ್ಲಿ ಬುಡು, ಅನ್ನುವ ಮಾತು. ಮಹಾಲಿಂಗನದು ಒಂದು ಕೋಣೆ, ಒಂದು ಅಡುಗೆಮನೆ, ಮೂವರು ಗಂಡುಮಕ್ಕಳು. ಒಲೆಯ ಮುಂದಿದ್ದ ಹೆಂಡತಿ ಲಕ್ಷ್ಮಿದೇವಿ ತಿರುಗಿ ನೋಡಲಿಲ್ಲ. ತಂಗಿ ಬಾಯಿಬಿಟ್ಟು ಕೇಳಲಿಲ್ಲ. ನಮ್ಮ ಜನ ಹೀಗೇ. ಕೇಳಿ ಇಲ್ಲ ಅನ್ನಿಸಿಕೊಳ್ಳುವುದಕ್ಕಿಂತ ಕೇಳದೇ ಎದ್ದು ಹೋಗುತ್ತಾರೆ. ಅಣ್ಣನಾದವನು ತಾನಾಗಿ ಹೇಳಬೇಕಿತ್ತು. ಅವನು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, “ಕರ್ಕಂಡೋಗು. ಒಂದ್ ತಿಂಗ್ಳು ತಾನೆ, ನಾನು ಇಸ್ಕೂಲಲ್ಲಿ ಏಳ್ತೀನಿ,” ಅಂದ.

ಒಂದು ತಿಂಗಳು ಹತ್ತು ವಾರವಾಯಿತು. ಸಂಕ್ರಾಂತಿ ಕಳೆದ ಮೇಲೆ ಶಾಂತಿ ಶಾಲೆಗೆ ಬಂದಾಗ ಅವಳ ಬೆರಳ ಸಂದಿಯೆಲ್ಲ ಒಡೆದು ಹೋಗಿತ್ತು. ಪುಸ್ತಕವನ್ನು ಜೊತೆಗೇ ಒಯ್ದಿದ್ದಳು, ಶೆಡ್ಡಿನಲ್ಲಿ ಓದಿಕೊಂಡಿದ್ದಳು. ಕಿರುಪರೀಕ್ಷೆಯಲ್ಲಿ ತರಗತಿಗೇ ಎರಡನೆಯವಳಾದಳು. ಆದರೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಉದ್ದಕ್ಕೂ ಗೈರು. ಹೆಡ್ಮಾಸ್ಟರ್ ಮರಿಮಲ್ಲಪ್ಪ ಕೆಟ್ಟವರಲ್ಲ. ಮಹಾಲಿಂಗನನ್ನು ಒಳಗೆ ಕರೆದು, “ನಿನ್ನ ತಂಗಿ ಮಗಳಿಗೆ ಹಾಜರಾತಿ ಕಮ್ಮಿ ಬಿದ್ದಿದೆ ಕಣಯ್ಯ. ವಿನಾಯಿತಿಗೆ ಒಂದು ಅರ್ಜಿ ಕೊಡಿಸು, ಮೇಲಕ್ಕೆ ಕಳಿಸೋಣ. ಯಾವುದಾದರೂ ಡಾಕ್ಟ್ರ ಸರ್ಟಿಫಿಕೇಟು ಜೊತೆಗಿರಲಿ,” ಎಂದರು. ಇದಕ್ಕಿಂತ ಬಿಡಿಸಿ ಯಾರು ಹೇಳುತ್ತಾರೆ? ಪ್ರತಿ ವರ್ಷ ಹತ್ತು ಹದಿನೈದು ಮಕ್ಕಳಿಗೆ ಹೀಗೇ ಕಾಮಾಲೆ, ಟೈಫಾಯಿಡು ಬಂದು ಹೋಗುತ್ತಿತ್ತು. ಬಸ್ ಸ್ಟ್ಯಾಂಡ್ ಹಿಂದಿನ ಒಬ್ಬ ಡಾಕ್ಟರು ಹೆಸರು ಕೇಳಿಕೊಂಡೇ ಕಾಯಿಲೆ ಬರೆದುಕೊಡುತ್ತಿದ್ದ. ಯಾರೂ ಅದನ್ನು ಸುಳ್ಳು ಅಂದುಕೊಂಡಿರಲಿಲ್ಲ, ಫಾರಂ ತುಂಬುವ ಒಂದು ಕ್ರಮ ಅಂದುಕೊಂಡಿದ್ದರು.

ಆ ದಿನ ಶಾಲೆ ಬಿಟ್ಟ ಮೇಲೆ ಮಾವ, ಸೊಸೆ ಇಬ್ಬರೂ ಖಾಲಿ ಕೊಠಡಿಯಲ್ಲಿ ಕೂತು ಅರ್ಜಿ ಬರೆದರು. ಶಾಂತಿ ಪೆನ್ನು ತೆಗೆದು ಕೇಳಿದಳು:

“ಜ್ವರ ಅಂತ ಬರೀಲಾ ಮಾವ, ಕಾಮಾಲೆ ಅಂತ್ಲಾ?”

“ಯಾಕಮ್ಮಿ? ನಿಂಗೆ ಕಾಮಾಲೆ ಬಂದಿತ್ತಾ?”

“ಎಲ್ರೂ ಅಂಗೇ ಬರಿಯೋದು.”

“ಎಲ್ರೂ ಬರ್ಕಳ್ಳಿ. ನಾವು ಕದ್ದಿದ್ದೀವಾ? ಕೂಲಿಗೋಗಿದ್ದೆ ಅಂತ ಬರಿ. ಅಜ್ಜಿ ಸತ್ತೋದ್ಲು, ಮನೇಲಿ ಯಾರೂ ಇಲ್ಲ, ಅವ್ವನ ಜೊತೇಲಿ ಸುಂಟಿ ಕೀಳಕ್ಕೋಗಿದ್ದೆ ಅಂತ ಬರಿ. ಮೇಷ್ಟ್ರು ಊರೂರಲ್ಲಿ ಏನ್ ಏಳ್ತಾರೆ? ತಲೆ ಎತ್ಕಂಡು ಏಳ್ಕಳಿ ಅನ್ನಾಕಿಲ್ವಾ? ಆಪೀಸ್ನ ಸಾಹೇಬ್ರೂ ಓದ್ದೋರೇ ಕಣಮ್ಮಿ. ಇದ್ನ ನೋಡುದ್ರೆ ಅವರ ಕಣ್ಣಲ್ಲಿ ನೀರು ಬತ್ತದೆ.”

ಶಾಂತಿ ಪೆನ್ನಿನ ಮುಚ್ಚಳ ತೆಗೆದಳು. ಮಾವನ ಮಾತು ಮೀರಿದ ಹುಡುಗಿಯಲ್ಲ. ತನ್ನ ಮುತ್ತಿನಂಥ ಅಕ್ಷರದಲ್ಲಿ, ಒಂದು ಕಾಗುಣಿತ ತಪ್ಪದೆ, ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟಳು. ಮಾರನೆಯ ದಿನ ಹೆಡ್ಮಾಸ್ಟರು ರಜೆ. ಟಪಾಲು ತೆಗೆದುಕೊಂಡು ಹೇಗೂ ಚಾಮರಾಜನಗರದ ವಿದ್ಯಾ ಇಲಾಖೆಯ ಆಫೀಸಿಗೆ ಹೊರಟಿದ್ದ ಮಹಾಲಿಂಗ ಅರ್ಜಿಯನ್ನು ಯಾರಿಗೂ ತೋರಿಸದೆ ತಾನೇ ಒಯ್ದು ಕೊಟ್ಟ, ಸೀಲು ಹಾಕಿಸಿದ, ನಂಬರು ಬರೆಸಿಕೊಂಡು ಜೇಬಿನಲ್ಲಿಟ್ಟುಕೊಂಡ. ಒಂದು ಮಗುವಿನ ಓದನ್ನು ಕೈಯಾರೆ ಕೊಂದು ರಸೀದಿ ತಂದ ಅಂತ ಹೇಳಿದರೆ ಕಟುವಾಗುತ್ತದೆ. ಆದರೆ ನಡೆದದ್ದು ಅದೇ.

ಎಂಟು ದಿನಕ್ಕೆ ಉತ್ತರ ಬಂತು: ವಿನಾಯಿತಿ ಇಲ್ಲ, ಹುಡುಗಿ ಪರೀಕ್ಷೆಗೆ ಕೂರುವಂತಿಲ್ಲ. ಮರಿಮಲ್ಲಪ್ಪನವರು ಅದನ್ನು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಯಾರಯ್ಯ ನಿನಗೆ ಈ ಬುದ್ಧಿ ಹೇಳಿಕೊಟ್ಟೋರು? ಕಾಯಿಲೆಗೆ ವಿನಾಯಿತಿ ಉಂಟು, ಕೂಲಿಗೆ ಎಲ್ಲಿದೆ? ಸರ್ಟಿಫಿಕೇಟು ಅಂತ ನಾನು ಬಾಯಿಬಿಟ್ಟು ಹೇಳಿರಲಿಲ್ವೇನಯ್ಯ?”

“ಈಗ ಬರೆಸ್ಕಂಡು ಬತ್ತೀನಿ ಸಾ.”

“ಈಗ ಏನು ಬರೆಸ್ತೀಯ? ಹತ್ತು ವಾರ ಕೇರಳದಲ್ಲಿದ್ದೆ ಅಂತ ಅವಳ ಕೈಬರಹದಲ್ಲೇ ಅವರ ಹತ್ತಿರ ಇದೆ. ಇನ್ನು ಕಾಮಾಲೆ ಅಂದರೆ ನನ್ನ ಕೆಲಸಕ್ಕೂ ಕುತ್ತು.”

ಮಹಾಲಿಂಗ ಗುರುಪಾದಸ್ವಾಮಿ ಮೇಷ್ಟ್ರ ಕಾಲು ಹಿಡಿಯುವುದೊಂದು ಬಾಕಿ. ಮೇಷ್ಟ್ರಿಗೂ ಕಸಿವಿಸಿಯಾಯಿತು. ಆದರೆ ಅವರ ತಲೆ ಆಗ ಬೇರೆ ಕಡೆ ಇತ್ತು. ಜಿಲ್ಲೆ ಹೊಸದಾಗಿ ಆಗಿತ್ತು, ಹೊಸ ಆಫೀಸು, ಹೊಸ ಸಾಹೇಬರು. ಫೆಬ್ರವರಿ ಕೊನೆಗೆ ಚಾಮರಾಜನಗರದಲ್ಲಿ ಜಿಲ್ಲೆಯ ಸಮಾಜ ಪಾಠದ ಮೇಷ್ಟ್ರುಗಳೆಲ್ಲ ಸೇರುವ ಸಭೆ. ಅಲ್ಲಿ ಚೀನಾ ಪಿಚ್ಚರಿನ ಮಾದರಿ ಪಾಠ. “ಸಾಹೇಬರು ಆವತ್ತು ಬರ್ತಾರಲ್ಲ ಮಾಲಿಂಗ, ಟೀ ಹೊತ್ತಿನಲ್ಲಿ ನಾನೇ ಕಿವಿಗೆ ಹಾಕ್ತೀನಿ. ನೀನು ಬಾಯಿ ಬಿಡಬೇಡ, ಕೆಲಸ ಕೆಡುತ್ತೆ,” ಎಂದರು. ಮಹಾಲಿಂಗ ತಂಗಿಗೂ ಹಾಗೆಂದೇ ಹೇಳಿದ.

ಆ ದಿನ ಟೀ ಬಂತು, ಬೋಂಡ ಬಂತು, ಹಾರ ಬಂತು. ಮೇಷ್ಟ್ರು ಸಾಹೇಬರ ಪಕ್ಕದಲ್ಲೇ ಕೂತು ಹಲ್ಲು ಬಿಟ್ಟುಕೊಂಡು ಮಾತಾಡುವುದನ್ನು ಮಹಾಲಿಂಗ ಬಾಗಿಲ ಸಂದಿಯಿಂದ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಹೊರಗೆ ಬಂದವರನ್ನು, “ಏಳುದ್ರಾ ಸಾ?” ಎಂದು ಕೇಳಿದ.

“ಈಗ ಸಮಯ ಅಲ್ಲ ಮಾಲಿಂಗ. ಮೊದಲು ಪಾಠ ಚೆನ್ನಾಗಿ ಆಗಲಿ.”

ಪಾಠ ಶುರುವಾಯಿತು. ನೂರು ನೂರಿಪ್ಪತ್ತು ಮೇಷ್ಟ್ರುಗಳು, ಮುಂದಿನ ಸಾಲಿನಲ್ಲಿ ಸಾಹೇಬರು. ಮಹಾಲಿಂಗ ಎಂದಿನಂತೆ ಚಾಮುಂಡಿ ಎಂದೇ ಶುರುಮಾಡಿದ. ಹಾಸಿಗೆ ಸುತ್ತುವುದು, ಅಜ್ಜಿ ಬಾಗಿಲಿಗೆ ಬರುವುದು, ರೈಲು, ಗಾರೆ ಕೆಲಸ. ಪಿಚ್ಚರಿನಲ್ಲಿ ಹುಡುಗಿ ಅಪ್ಪನ ಜೊತೆ ಗೇಟಿನ ಹತ್ತಿರ ಬಂದಾಗ ಅವನು ಮುಂದಿನ ಸಾಲಿನ ಕಡೆ ನೋಡಿದ. ಹೇಳಬೇಕಾದದ್ದನ್ನು ಹೇಳಲು ಸಾಹೇಬರು ಇನ್ನೊಮ್ಮೆ ಇಷ್ಟು ಹತ್ತಿರ ಸಿಗುವುದಿಲ್ಲ ಅನ್ನಿಸಿತು.

“ಇವ್ಳು ಚಾಮುಂಡಿ ಅಲ್ಲ,” ಅಂದ. “ಇವ್ಳ ಎಸ್ರು ಶಾಂತಿ. ಗೋಪಾಲಸಾಮಿ ಬೆಟ್ಟದ ಬುಡದೋಳು. ಅಪ್ಪ ಇಲ್ಲ. ಅಜ್ಜಿ ಇದ್ಲು, ಅವ್ಳೂ ಸತ್ತೋದ್ಲು. ಅವ್ವ ಬತ್ತೇರಿಗೆ ಸುಂಟಿ ಕೀಳಕ್ಕೋದಾಗ ಇವ್ಳೂ ಜೊತೇಲೋದ್ಲು. ಬೆಳ್ದ ಎಣ್ಣ ಒಬ್ಳೇ ಎಲ್ಲಿ ಬುಡಾದು? ಸೋದರಮಾವ ಒಬ್ಬ ಅವ್ನೆ, ಅವ್ನೂ ಇಟ್ಕಳ್ನಿಲ್ಲ. ರಾತ್ರೆಲ್ಲ ಶೆಡ್ಡಲ್ಲಿ ದೀಪದ ಮುಂದೆ ಓದ್ಕಂಡ್ಲು. ತಿರ್ಗಾ ಬಂದು ಕ್ಲಾಸಿಗೇ ಎರಡ್ನೇಯೋಳಾದ್ಲು. ಜ್ವರ ಅಂತ ಸುಳ್ಳು ಬರೆದಿದ್ರೆ ಗೇಟು ತೆಗೀತಿದ್ರು. ನಿಜ ಬರೆದ್ಲು ಸಾ. ನಿಜ ಬರೆದಿದ್ಕೆ ಗೇಟ್ ಆಕ್ಬುಟ್ರು. ಒಂದ್ ರುಜು ಆಕುದ್ರೆ ಇನ್ನೂ ತೆಗೀಬೌದು. ಇನ್ನೂ ವೊತ್ತು ಮೀರಿಲ್ಲ.”

ಟಿವಿಯೊಳಗೆ ಹುಡುಗಿಯ ಅಪ್ಪ ಟೊಣಪನಂತೆ ಪಕ್ಕದಲ್ಲೇ ನಿಂತಿದ್ದ. ಅಪ್ಪ ಇಲ್ಲ ಎಂದು ಇವನು ಹೇಳುತ್ತಿದ್ದಾನಲ್ಲ ಎಂದು ಅಷ್ಟು ಜನ ಓದಿದವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಗೇಟು ಮುಚ್ಚಿತು. ಸಾಹೇಬರು ಕರ್ಚೀಫು ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರು ಎದ್ದ ಮೇಲೆ ಉಳಿದವರೂ ಎದ್ದರು.

“ಅದ್ಭುತ ರೀ ಗುರುಪಾದಸ್ವಾಮಿ! ಚೀನಾದ ಹುಡುಗೀನ ತಂದು ನಮ್ಮ ಬೆಟ್ಟದ ಬುಡದಲ್ಲಿ ನಿಲ್ಲಿಸಿಬಿಟ್ರಲ್ಲ! ಮಾದರಿ ಪಾಠ ಅಂದರೆ ಇದು,” ಎಂದು ಮೇಷ್ಟ್ರ ಕೈ ಕುಲುಕಿದರು. ಮಹಾಲಿಂಗನ ಕಡೆ ತಿರುಗಿ, “ಏನಪ್ಪ, ನಾಟಕದಲ್ಲಿ ಪಾರ್ಟು ಮಾಡ್ತೀಯಾ?” ಎಂದರು.

“ಇಲ್ಲ ಸಾ. ಅದು ನಿಜ ಸಾ.”

“ಹೌದಪ್ಪ, ನಿಜ ಅನ್ನೋ ಹಾಗೇ ಇತ್ತು.”

“ಅಲ್ಲ ಸಾ, ನಮ್ ತಂಗಿ ಮಗ್ಳು ಸಾ. ಅರ್ಜಿ ನಿಮ್ ಆಪೀಸಲ್ಲೇ ಅದೆ. ನಂಬ್ರು ಅದೆ ಸಾ...” ಅವನು ಜೇಬಿನಿಂದ ಚೀಟಿ ತೆಗೆಯುವಷ್ಟರಲ್ಲಿ ಸಾಹೇಬರ ಮುಖದ ಮೇಲಿದ್ದ ನೆನೆದ ಭಾವ ಒಣಗಿಹೋಯಿತು. ನಿಯಮದ ವಿಷಯಗಳನ್ನೆಲ್ಲ ಆಫೀಸಿನಲ್ಲಿ ಮಾತಾಡಬೇಕು, ಇಲ್ಲಿ ಬೇಡ, ಎಂದು ಗುರುಪಾದಸ್ವಾಮಿಯವರಿಗೆ ಹೇಳಿ ಜೀಪಿನ ಕಡೆ ನಡೆದರು.  ಬಸ್ಸು ಗುಂಡ್ಲುಪೇಟೆ ಹತ್ತಿರ ಬಂದ ಮೇಲೆ ಮೇಷ್ಟ್ರು, “ಪಾಠ ಚೆನ್ನಾಗಿ ಬಂತು ಬಿಡು,” ಎಂದರು.

ಇಷ್ಟಾದರೂ ಆಸೆ ಅನ್ನುವುದು ಸಾಯಲಿಲ್ಲ. ಮಹಾಲಿಂಗ ತಂಗಿಗೆ ಹೇಳಿಬಿಟ್ಟ: “ಸಾಹೇಬ್ರು ಕಣ್ಣೊರ್ಸ್ಕಂಡ್ರು ಕಣಮ್ಮಿ ಸುಂದ್ರಿ. ನಾನೇ ನೋಡ್ದೆ. ಆಗೋಯ್ತದೆ ಬುಡು.” ಇದು ಅವನ ಎರಡನೇ ತಪ್ಪು. ಮೊದಲನೆಯದಕ್ಕಿಂತ ದೊಡ್ಡದೋ ಏನೋ.

ಪರೀಕ್ಷೆಯ ಮೊದಲ ದಿನ ಕನ್ನಡ. ಶಾಲೆಯೇ ಕೇಂದ್ರವಾಗಿತ್ತು. ಒಳಗೆ ನಕಲು ಹಿಡಿಯುವ ಸ್ಕ್ವಾಡಿನವರು, ಗೇಟಿಗೊಬ್ಬ ಪೊಲೀಸು, ಬೀಗದ ಕೈ ಮಹಾಲಿಂಗನ ಬಳಿ. ಬಿಸಿಲಿಗೆ ಅಡ್ಡವಾಗಲಿ ಎಂದು ತಲೆಗೆ ಒಂದು ಹಳೆಯ ಖಾಕಿ ಟೋಪಿ ಹಾಕಿಕೊಂಡಿದ್ದ. ಒಂಬತ್ತೂವರೆಗೆ ಬೆಟ್ಟದ ಕಡೆಯ ಬಸ್ಸು ಬಂತು. ಶಾಂತಿ ಇಳಿದಳು. ಎಣ್ಣೆ ಹಚ್ಚಿ ಎರಡು ಜಡೆ ಹಾಕಿ, ಯೂನಿಫಾರಂ ಇಸ್ತ್ರಿ ಮಾಡಿಕೊಂಡು, ರಟ್ಟು, ಎರಡು ಪೆನ್ನು ಹಿಡಿದುಕೊಂಡು ಬಂದಿದ್ದಳು. ಹಾಲ್ ಟಿಕೆಟ್ಟು ಇರಲಿಲ್ಲ. ಸಾಹೇಬರು ಕಣ್ಣೊರೆಸಿಕೊಂಡ ಮೇಲೆ ಟಿಕೆಟ್ಟು ನೇರವಾಗಿ ಕೇಂದ್ರಕ್ಕೇ ಬಂದಿರುತ್ತದೆ ಎಂದು ತಾಯಿ ಮಗಳು ಲೆಕ್ಕ ಹಾಕಿದ್ದರು.

ಮಹಾಲಿಂಗ ಒಳಗೆ ಓಡಿದ. ಮರಿಮಲ್ಲಪ್ಪನವರು ತಲೆ ಅಲ್ಲಾಡಿಸಿದರು. ಮುಂದಿನ ವರ್ಷ ಖಾಸಗಿಯಾಗಿ ಕಟ್ಟಿಸೋಣ ಎಂದರು. ಗುರುಪಾದಸ್ವಾಮಿ ಮೇಷ್ಟ್ರು ಬೇರೆ ಊರಿನ ಕೇಂದ್ರಕ್ಕೆ ಡ್ಯೂಟಿಗೆ ಹೋಗಿದ್ದರು, ಅವರ ಅದೃಷ್ಟ. ಹತ್ತಕ್ಕೆ ಎರಡು ನಿಮಿಷವಿದ್ದಾಗ ಸ್ಕ್ವಾಡಿನವನೊಬ್ಬ ವರಾಂಡದಿಂದ, “ಏನಯ್ಯ ಜವಾನ, ಗೇಟ್ ಹಾಕೋದು ಯಾವಾಗ?” ಎಂದು ಕೂಗಿದ.

“ಬಂದಿದ್ಯಾ ಮಾವ?” ಎಂದಳು ಶಾಂತಿ. ಟಿಕೆಟ್ಟು ಬಂದಿದೆಯಾ ಎಂದು ಕೇಳುತ್ತಿದ್ದಳು.

ಅವನು ಏನಾದರೂ ಹೇಳಬಹುದಿತ್ತು. ಊರೂರಲ್ಲಿ ಮುಕ್ಕಾಲು ಗಂಟೆ ನಿಲ್ಲದೆ ಮಾತಾಡುವ ಬಾಯಿ ಅದು. ಅವತ್ತು ಒಂದು ಮಾತೂ ಹೊರಡಲಿಲ್ಲ. ಗೇಟನ್ನು ಎಳೆದ, ಸರಪಳಿ ಸುತ್ತಿದ, ಬೀಗ ಹಾಕಿದ, ಬೆನ್ನು ತಿರುಗಿಸಿ ಹೋಗಿ ಹತ್ತು ಗಂಟೆ ಹೊಡೆದ. ಗಂಟೆ ಹೊಡೆದು ತಿರುಗಿ ನೋಡಿದರೆ ಅವಳು ಸರಳು ಹಿಡಿದು ಅಲ್ಲೇ ನಿಂತಿದ್ದಳು. ಪೊಲೀಸಿನವನು ಏನೋ ಹೇಳಿದ ಮೇಲೆ ಬಸ್ ಸ್ಟ್ಯಾಂಡಿನ ಕಡೆ ಹೋದಳು.

ಮುಂದಿನ ವರ್ಷ ಎಂದವರು ಯಾರೂ ಮುಂದಿನ ವರ್ಷ ನೆನಪಿಟ್ಟುಕೊಳ್ಳಲಿಲ್ಲ. ಶಾಂತಿ ತಾಯಿಯ ಜೊತೆ ಬತ್ತೇರಿಗೆ ಹೋದಳು. ಮೊದಮೊದಲು ಹಬ್ಬಕ್ಕೆ ಬರುತ್ತಿದ್ದರು, ಆಮೇಲೆ ಅದೂ ಅಪರೂಪವಾಯಿತು. ಇತ್ತ ಚೀನಾ ಪಿಚ್ಚರಿನ ಹೆಸರು ಬೆಳೆಯಿತು. ಗುರುಪಾದಸ್ವಾಮಿ ಮೇಷ್ಟ್ರಿಗೆ ಪ್ರಶಸ್ತಿ ಪತ್ರ, ಮಹಾಲಿಂಗನಿಗೆ ಒಂದು ಶಾಲು. ಚಾಮುಂಡಿ ಎಂದು ಹೇಳಿದರೆ ಈಗ ಮೇಷ್ಟ್ರಿಗೆ ಸಮಾಧಾನವಿಲ್ಲ. “ಆ ಶಾಂತಿ ಭಾಗ ಹೇಳಪ್ಪ ಮಾಲಿಂಗ. ಅದಿಲ್ಲದಿದ್ದರೆ ಸಪ್ಪೆ,” ಎನ್ನುತ್ತಿದ್ದರು. ಮೊದಲ ಸಲ ಮಹಾಲಿಂಗ ಅದನ್ನು ಬೇಗಬೇಗ ಹೇಳಿ ಮುಗಿಸಿದ. ಹತ್ತನೇ ಸಲಕ್ಕೆ ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂದು ತಿಳಿದುಬಿಟ್ಟಿತ್ತು. ಸೋದರಮಾವ ಇಟ್ಟುಕೊಳ್ಳಲಿಲ್ಲ ಅನ್ನುವ ಮಾತು ಎಲ್ಲೋ ನಡುವೆ ಉದುರಿಹೋಯಿತು. ಕೊನೆಗೆ ಮಕ್ಕಳು ಟೋಪಿಯವನಿಗೆ ಥೂ ಅನ್ನುವುದು ಮಾತ್ರ ತಪ್ಪಲಿಲ್ಲ. ಅದನ್ನು ಅವನು ಹೇಳಿಕೊಡಬೇಕಾಗಿಯೂ ಇರಲಿಲ್ಲ. ಒಂದು ಶಾಲೆಯಿಂದ ಇನ್ನೊಂದು ಶಾಲೆಗೆ ಸುದ್ದಿ ಹಬ್ಬಿತ್ತು. ಆ ಒಂದು ಕ್ಷಣಕ್ಕೆ ಮಾತ್ರ ಅವನು ಬಗ್ಗಿ ಡೆಕ್ಕಿನ ವೈರು ಸರಿಮಾಡುತ್ತಿದ್ದ.

೨೦೦೧ರ ಯುಗಾದಿಯ ಮಾರನೆಯ ದಿನ ಉಡಿಗಾಲದಲ್ಲಿ ಪ್ರದರ್ಶನ. ಹುಟ್ಟಿದೂರು, ಮಕ್ಕಳ ಜೊತೆ ದೊಡ್ಡವರೂ ಸೇರಿದ್ದರು. ಮಹಾಲಿಂಗ ಹುರುಪಿನಲ್ಲಿದ್ದ. ಗೋಪಾಲಸಾಮಿ ಬೆಟ್ಟ, ಶುಂಠಿ, ಶೆಡ್ಡಿನ ದೀಪ, ನಿಜ ಬರೆದ ಅರ್ಜಿ ಎಲ್ಲವನ್ನೂ ಹೇಳಿದ. ಹೆಂಗಸರು ಸೆರಗಿನಲ್ಲಿ ಮೂಗೊರೆಸಿಕೊಂಡರು. ಗೇಟು ಮುಚ್ಚಿತು, ಮಕ್ಕಳು ಥೂ ಎಂದರು, ಇವನು ಬಗ್ಗಿದ. ಎದ್ದಾಗ ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಶಾಂತಿಯನ್ನು ಕಂಡ. ಹಬ್ಬಕ್ಕೆಂದು ತಾಯಿಯ ತವರಿಗೆ ಬಂದಿ‌ದ್ದಳು. ಸೀರೆ ಉಟ್ಟಿದ್ದಳು, ಕಪ್ಪಗಾಗಿದ್ದಳು, ಬೆರಳುಗಳು ಕೂಲಿಯವರ ಬೆರಳಾಗಿದ್ದವು.

ಜನ ಚದುರಿದ ಮೇಲೆ ಹತ್ತಿರ ಬಂದಳು. ಮಹಾಲಿಂಗ ವೈರು ಸುತ್ತುತ್ತಿದ್ದ. ಕೈಗೆ ಸುತ್ತು ಸರಿಯಾಗಿ ಬರಲಿಲ್ಲ.

“ಚೆನ್ನಾಗ್ ಏಳ್ತೀಯ ಮಾವ,” ಅಂದಳು. ಕುಹಕ ಇರಲಿಲ್ಲ ಆ ದನಿಯಲ್ಲಿ, ಅದೇ ಕಷ್ಟವಾದದ್ದು.

“ಯಾವಾಗ್ ಬಂದ್ರಮ್ಮಿ? ಅವ್ವ ಎಲ್ಲಿ?”

“ಮನೇಲವ್ಳೆ.” ಟಿವಿಯ ಕಪ್ಪು ಗಾಜಿನ ಕಡೆ ಕೈ ತೋರಿಸಿದಳು. “ಎಲ್ಲಾನೂ ಸರಿಯಾಗೇ ಏಳ್ದೆ. ನಾನ್ ಎರಡ್ನೇಯೋಳಾಗಿದ್ದು, ಬರ್ದಿದ್ದು, ಎಲ್ಲಾವ. ಗೇಟ್ ಆಕ್ದೋನ್ ಯಾರು ಅಂತ ಮಾತ್ರ ಏಳ್ನಿಲ್ಲ.”

 ಹೊರಗೆ ಮೇಷ್ಟ್ರು ಬಸ್ಸಿಗೆ ಹೊತ್ತಾಯಿತು ಎಂದು ಕೂಗುತ್ತಿದ್ದರು.

“ಅವ್ರು ಥೂ ಅಂದಾಗ ನಾನು ಅನ್ನಿಲ್ಲ ಮಾವ,” ಎಂದು ಶಾಂತಿ ಗೋಣಿಚೀಲ ಬಿಡಿಸಿ, ಟಿವಿಯ ಒಂದು ಬದಿಗೆ ಕೈ ಹಾಕಿದಳು. “ಇಡ್ಕೊ ಆ ಕಡೆ. ಬಸ್ ಓಯ್ತದೆ.”